ಗೃಹಪ್ರವೇಶಕ್ಕೆ ಅಡುಗೆಮನೆ ಟವೆಲ್ ಹೊಲಿದು ಕೊಡಬೇಕು: ಯಾವ ಬಟ್ಟೆ, ಎಷ್ಟು ಕಸೂತಿ?

ಮೈಸೂರು ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶಕ್ಕೆ ಇನ್ನು 26 ದಿನ ಇದೆ. ದುಡ್ಡಿನ ಕವರ್, ಸ್ಟೀಲ್ ಡಬ್ಬಿ ಎಲ್ಲರೂ ಕೊಡುತ್ತಾರೆ. ನನಗೆ ಕೈಯಾರೆ ಏನಾದರೂ ಮಾಡಿ ಕೊಡುವ ಆಸೆ. ಆರು ಅಡುಗೆಮನೆ ಟವೆಲ್ ಹೊಲಿದು, ಅಂಚಿಗೆ ಸ್ವಲ್ಪ ಚಂದ ಮಾಡಿ ಕೊಡೋಣ ಅಂತ ಯೋಚನೆ. ಮೆಷಿನ್ ಇದೆ, ನೇರ ಹೊಲಿಗೆ ಚೆನ್ನಾಗಿ ಬರುತ್ತದೆ. ಕೈಕಸೂತಿ ಶಾಲೆಯಲ್ಲಿ ಕಲಿತದ್ದು ಅಷ್ಟೇ.

ಆದರೆ ಒಂದು ಭಯ ಇದೆ. ಹೋದ ವರ್ಷ ಚಿಕ್ಕಮ್ಮನ ಮಗಳಿಗೆ ಇದೇ ರೀತಿ ನಾಲ್ಕು ಮಾಡಿ ಕೊಟ್ಟಿದ್ದೆ. ದಪ್ಪ ಟರ್ಕಿ ಟವೆಲ್ ತಂದು, ಕೆಳಗೆ ಸ್ಯಾಟಿನ್ ಪಟ್ಟಿ, ಅದರ ಮೇಲೆ ನೈಲಾನ್ ಲೇಸ್ ಹಾಕಿದ್ದೆ. ನೋಡಲು ತುಂಬಾ ಚೆನ್ನಾಗಿತ್ತು. ಮೊನ್ನೆ ಅವರ ಮನೆಗೆ ಹೋದಾಗ ನೋಡಿದರೆ, ಮೂರು ಟವೆಲ್ ನಾನು ಮಡಚಿ ಕೊಟ್ಟ ಹಾಗೇ ಕಬೋರ್ಡ್‌ನಲ್ಲಿ ಕೂತಿವೆ. ನಾಲ್ಕನೆಯದು ಗ್ಯಾಸ್ ಕಟ್ಟೆ ಹತ್ತಿರ ಇತ್ತು. ಅದರ ಲೇಸ್ ಬಿಸಿ ಕಾವಲಿಗೆ ತಾಗಿ ಸುರುಟಿಕೊಂಡಿತ್ತು. ಮುಟ್ಟಿದರೆ ಸಾಸಿವೆ ಕಾಳಿನಂಥ ಗಟ್ಟಿ ಗುಳ್ಳೆಗಳು. "ಅಕ್ಕಾ, ಇದು ನೀರು ಎಳೆಯುವುದೇ ಇಲ್ಲ. ಚೆನ್ನಾಗಿದೆ ಅಂತ ಎತ್ತಿಟ್ಟಿದ್ದೇನೆ" ಅಂದಳು. ಪಾಪ, ಪ್ರೀತಿಯಿಂದಲೇ ಹೇಳಿದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಸಲ ತಂಗಿ ದಿನಾ ಬಳಸಬೇಕು. ಬಟ್ಟೆ ಯಾವುದು ತರಲಿ? ಅಲಂಕಾರ ಎಷ್ಟು ಇರಲಿ?

ದಾವಣಗೆರೆ ಟೈಲರ್
ಅಮ್ಮಾ, ನಾನು 31 ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಟವೆಲ್ ಹೊಲಿಸಲು ಬರುವವರು ಕಡಿಮೆ, ಆದರೆ ಬಟ್ಟೆಯ ಗುಣ ಎಲ್ಲದಕ್ಕೂ ಒಂದೇ.

ಮೊದಲು ಸ್ಯಾಟಿನ್, ಲೇಸ್, ನೈಲಾನ್ ಎಲ್ಲಾ ಬಿಡಿ. ಒಲೆ ಹತ್ತಿರ ಇರುವ ಬಟ್ಟೆಗೆ ಅಪ್ಪಟ ಹತ್ತಿ ಮಾತ್ರ. ನೈಲಾನ್, ಪಾಲಿಯೆಸ್ಟರ್ ಕರಗಿ ಕೈಗೆ ಅಂಟಿಕೊಂಡರೆ ಸುಟ್ಟ ಗಾಯ ಇನ್ನೂ ಆಳ ಆಗುತ್ತದೆ. ಜೋತಾಡುವ ಕುಚ್ಚು, ಗೊಂಡೆ ಕೂಡ ಬೇಡ. ಹತ್ತಿಯದ್ದಾದರೂ ಉರಿಗೆ ಬೇಗ ಸಿಗುತ್ತದೆ.

ಇನ್ನು ಟರ್ಕಿ ಬಟ್ಟೆ. ಮೈ ಒರೆಸಿಕೊಳ್ಳಲು ಅದು ಒಳ್ಳೆಯದು. ಪಾತ್ರೆ ಒರೆಸಿದರೆ ಸ್ಟೀಲ್ ಲೋಟದ ಮೇಲೆ ಜುಂಗು ಬಿಡುತ್ತದೆ, ಬಳೆಗೆ, ಕುಕ್ಕರ್ ಹಿಡಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಸಾದಾ ನೇಯ್ಗೆಯ ಹತ್ತಿ, ಖಾದಿ, ಇಲ್ಲವಾದರೆ ಜೇನುಗೂಡಿನ ಹಾಗೆ ಚೌಕ ಚೌಕ ಗುಳಿ ಇರುವ ನೇಯ್ಗೆ ಸಿಕ್ಕಿದರೆ ತೆಗೆದುಕೊಳ್ಳಿ. ಆ ಗುಳಿಗಳಲ್ಲಿ ನೀರು ನಿಲ್ಲುತ್ತದೆ, ಬೇಗ ಒಣಗುತ್ತದೆ ಕೂಡ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಬೆರಳು ಒದ್ದೆ ಮಾಡಿ ಒಂದು ಹನಿ ಬಟ್ಟೆ ಮೇಲೆ ಬಿಡಿ. ಹನಿ ಮುತ್ತಿನ ಹಾಗೆ ಕೂತರೆ ಗಂಜಿ ಜಾಸ್ತಿ ಇದೆ, ಇಲ್ಲವಾದರೆ ಪಾಲಿಯೆಸ್ಟರ್ ಬೆರೆತಿದೆ. ಗಂಜಿ ಆದರೆ ಒಗೆದಾಗ ಹೋಗುತ್ತದೆ. ಪಾಲಿಯೆಸ್ಟರ್ ಹೋಗುವುದಿಲ್ಲ.

36 ಇಂಚು ಪನ್ನದ ಬಟ್ಟೆ ಎರಡೂಕಾಲು ಮೀಟರ್ ತನ್ನಿ. ಕತ್ತರಿಸುವ ಮೊದಲೇ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಪು ಹಾಕಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ನೂರಕ್ಕೆ ಐದರಷ್ಟು ಕುಗ್ಗಿದರೆ ಪನ್ನ 34, ಉದ್ದ 84 ಇಂಚು ಉಳಿಯುತ್ತದೆ. ಪನ್ನದಲ್ಲಿ ಎರಡು, ಉದ್ದದಲ್ಲಿ ಮೂರು. 17ಕ್ಕೆ 28ರ ಆರು ತುಂಡು ಸರಿಯಾಗಿ ಬರುತ್ತದೆ. ಖಾದಿ ಇನ್ನೂ ಜಾಸ್ತಿ ಕುಗ್ಗಬಹುದು, ಕಾಲು ಮೀಟರ್ ಹೆಚ್ಚಿಗೆ ತನ್ನಿ.

ಕುಡ್ಲದ ಕಡಲು
ಒಂದು ಮಾತು ಹೇಳಲೇ? ಅಲಂಕಾರವೇ ಬೇಡ ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಬೈರಾಸು ಅಂತ ಇದೆ. ತೆಳ್ಳಗಿನ ಚೌಕುಳಿ ಬಟ್ಟೆ. ನಮ್ಮ ಮನೆಯಲ್ಲಿ ಮೀನು ತೊಳೆದ ಕೈಗೂ ಅದೇ, ಗಂಜಿ ಪಾತ್ರೆ ಇಳಿಸಲೂ ಅದೇ, ಮಳೆಗಾಲದಲ್ಲಿ ತಲೆಗೂ ಅದೇ. ಯಾರೂ ಎತ್ತಿಡುವುದಿಲ್ಲ. ಒಂದು ಡಜನ್ ಒಳ್ಳೆಯ ಬೈರಾಸು ಕೊಟ್ಟರೆ ನಿಮ್ಮ ತಂಗಿ ಐದು ವರ್ಷ ನೆನೆಯುತ್ತಾಳೆ. ಚಂದ ಮಾಡಿದಷ್ಟೂ ಬಳಸಲು ಮನಸ್ಸು ಬರುವುದಿಲ್ಲ, ಇದು ನಿಮ್ಮದೇ ಅನುಭವ ಅಲ್ವಾ?

ಮೈಸೂರು ಮಲ್ಲಿಗೆ
ನೀವು ಹೇಳಿದ್ದು ಸರಿಯಾಗಿ ನಾಟಿತು. ಆದರೂ ಕೈಯ ಗುರುತು ಒಂದಾದರೂ ಅದರ ಮೇಲೆ ಇರಲಿ ಅಂತ ಆಸೆ. ಅಂಗಡಿಯ ಬಟ್ಟೆಗೂ ಅಕ್ಕ ಮಾಡಿದ ಬಟ್ಟೆಗೂ ಏನೋ ಒಂದು ವ್ಯತ್ಯಾಸ ಬೇಕಲ್ಲ.

ಧಾರವಾಡದ ಸೂಜಿ
ಮಲ್ಲಿಗೆಯವರೇ, ನಿಮಗೆ ಬೇಕಾದದ್ದು ನಮ್ಮೂರಲ್ಲಿ ಇದೆ. ಇಲ್ಲಿ ಕಸೂತಿ ಅಂದರೆ ಯಾವುದೋ ಒಂದು ಹೂ-ಬಳ್ಳಿ ಅಲ್ಲ. ಎಳೆ ಎಣಿಸಿ ಹಾಕುವ ಕಸೂತಿ. ನಾಲ್ಕು ತರದ ಹೊಲಿಗೆ ಇದೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗುತ್ತೇವೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಹೊರಟಲ್ಲಿಗೇ ಬಂದು ಸೇರುತ್ತೇವೆ. ಮುರ್ಗಿ ಅದೇ ರೀತಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಎಲ್ಲೂ ಗಂಟು ಹಾಕುವಂತಿಲ್ಲ.

ಇದರಿಂದ ಏನಾಗುತ್ತದೆ ಗೊತ್ತಾ? ಬಟ್ಟೆಯ ಮೇಲೂ ಕೆಳಗೂ ಒಂದೇ ಚಿತ್ರ. ಉಲ್ಟಾ ಅನ್ನುವುದೇ ಇರುವುದಿಲ್ಲ. ಕುಪ್ಪಸಕ್ಕೆ, ದಿಂಬಿಗೆ ಇದು ಬೇಕಾಗಿಯೇ ಇಲ್ಲ, ಒಳಮೈ ಯಾರು ನೋಡುತ್ತಾರೆ? ಟವೆಲ್ ಹಾಗಲ್ಲ. ಮೊಳೆಗೆ ಹಾಕಿದಾಗ ಯಾವ ಕಡೆ ಮುಂದೆ ಬರುತ್ತದೋ ಹೇಳಲಾಗದು. ಕೈ ಒರೆಸುವಾಗ ಎರಡೂ ಕಡೆ ತಿರುಗುತ್ತದೆ. ಹಿಂದೆ ಗಂಟು, ಜೋತಾಡುವ ದಾರ ಇದ್ದರೆ ಮೊದಲ ವಾರವೇ ಫೋರ್ಕಿಗೋ ಬಳೆಗೋ ಸಿಕ್ಕಿ ಕಿತ್ತು ಬರುತ್ತದೆ. ಅದಕ್ಕೇ ಹೇಳುತ್ತೇನೆ, ಟವೆಲ್‌ಗೆ ಗವಂತಿ, ಮುರ್ಗಿ ಎರಡೇ ಹಾಕಿ. ನೇಗಿ, ಮೆಂತೆ ಹಿಂದೆ ಬೇರೆ ತರ ಕಾಣುತ್ತದೆ. ಮೆಂತೆಗೆ ದಾರವೂ ಜಾಸ್ತಿ ಬೇಕು, ಆ ಜಾಗ ದಪ್ಪ ಆಗುತ್ತದೆ.

ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆ ಅಂಬಾರಿ, ನವಿಲು ಹಾಕುತ್ತಾರೆ. ಟವೆಲ್‌ಗೆ ಅಷ್ಟು ದೊಡ್ಡದು ಬೇಡ. ಒಂದು ಸಾಲು ತುಳಸಿ ಕಟ್ಟೆ, ಇಲ್ಲವಾದರೆ ತೆನೆ ಸಾಲು ಸಾಕು. ಕೆಳಗಿನ ನಾಲ್ಕು ಇಂಚಿನೊಳಗೆ ಮುಗಿಸಿ. ಮೇಲಿನ ಬಟ್ಟೆ ಪೂರ್ತಿ ಖಾಲಿ ಬಿಡಿ. ಅದು ಕೆಲಸದ ಜಾಗ.

ಹೊಸ ಮೆಷಿನ್
ಹಿಂದೆ ಮುಂದೆ ಒಂದೇ ಚಿತ್ರ! ಇಷ್ಟು ದಿನ ಕಸೂತಿ ನೋಡಿದ್ದೇನೆ, ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ. ಅಮ್ಮನ ಸೀರೆ ಈಗ ತೆಗೆದು ನೋಡಿದೆ. ನಿಜ.

ಮೈಸೂರು ಮಲ್ಲಿಗೆ
ಅಕ್ಕಾ, ಖಾದಿಯಲ್ಲಿ ಎಳೆ ಎಣಿಸಲು ಕಣ್ಣು ಬೇಕಲ್ಲ. ಎಳೆ ಒಂದು ದಪ್ಪ, ಒಂದು ಸಣ್ಣ ಇರುತ್ತದೆ. ಎಳೆ ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಪಟ್ಟಿ ಮೇಲೆ ಕಸೂತಿ ಹಾಕಿ, ಅದನ್ನು ಟವೆಲ್ ಮೇಲೆ ಇಟ್ಟು ಹೊಲಿದರೆ?

ಧಾರವಾಡದ ಸೂಜಿ
ಮೇಲೆ ಇಟ್ಟು ಹೊಲಿದರೆ ಹಿಂದಿನ ಚಿತ್ರ ಮುಚ್ಚಿ ಹೋಯಿತಲ್ಲ ತಂಗಿ. ಅಷ್ಟು ಕಷ್ಟಪಟ್ಟು ಎರಡು ಕಡೆ ಒಂದೇ ಮಾಡಿ ಏನು ಬಂತು? ಎರಡು ದಾರಿ ಇದೆ. ಒಂದು, ಖಾದಿ ಮೇಲೆ ಜಾಳು ಕ್ಯಾನ್ವಾಸ್ ಇಟ್ಟು ಕಚ್ಚಾ ಹೊಲಿಗೆ ಹಾಕಿ. ಅದರ ಕಣ್ಣು ಎಣಿಸಿ ಕಸೂತಿ ಮುಗಿಸಿ. ಆಮೇಲೆ ಒದ್ದೆ ಮಾಡಿ ಕ್ಯಾನ್ವಾಸಿನ ಎಳೆ ಒಂದೊಂದೇ ಎಳೆದು ತೆಗೆಯಿರಿ. ಇನ್ನೊಂದು, ಮ್ಯಾಟಿ ಪಟ್ಟಿಯನ್ನು ಟವೆಲ್ ಮೇಲೆ ಇಡದೆ, ಟವೆಲ್‌ನ ತುದಿಗೇ ಜೋಡಿಸಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆ ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಎರಡನ್ನೂ ಸೇರಿಸಿ ನೇಯುತ್ತಾರೆ. ಅದನ್ನೇ ಮನಸ್ಸಲ್ಲಿ ಇಟ್ಟುಕೊಳ್ಳಿ. ಟವೆಲ್‌ಗೊಂದು ಸೆರಗು.

ದಾವಣಗೆರೆ ಟೈಲರ್
ಈ ಮಾತು ನನಗೆ ಬಹಳ ಹಿಡಿಸಿತು. ಜೋಡಿಸುವುದು ಹೇಗೆ ಅಂತ ನಾನು ಹೇಳುತ್ತೇನೆ. ಜೀನ್ಸ್ ಪ್ಯಾಂಟಿನ ಕಾಲಿನಲ್ಲಿ ಎರಡು ಸಾಲು ಹೊಲಿಗೆ ಇರುತ್ತದಲ್ಲ, ಆ ತರ. ಎರಡು ಬಟ್ಟೆ ಸೇರಿಸಿ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಒಂದು ಕಡೆಯ ಅಂಚನ್ನು ಅರ್ಧಕ್ಕೆ ಕತ್ತರಿಸಿ. ಇನ್ನೊಂದು ಅಂಚನ್ನು ಅದರ ಮೇಲೆ ಮಡಚಿ, ಒತ್ತಿ ಇಸ್ತ್ರಿ ಮಾಡಿ, ಮೇಲೊಂದು ಸಾಲು ಹೊಲಿಯಿರಿ. ಕತ್ತರಿಸಿದ ಅಂಚು ಎರಡೂ ಕಡೆ ಕಾಣುವುದಿಲ್ಲ, ಎಷ್ಟು ಒಗೆದರೂ ಎಳೆ ಬಿಡುವುದಿಲ್ಲ.

ಹೀಗೆ ಮಾಡಿದರೆ ಖಾದಿ ಎರಡು ಮೀಟರ್ ಸಾಕು, 17ಕ್ಕೆ ಸುಮಾರು 25ರ ಆರು ತುಂಡು ಬರುತ್ತದೆ. ಮ್ಯಾಟಿ ಅರ್ಧ ಮೀಟರ್ ತನ್ನಿ, 17ಕ್ಕೆ 5ರ ಆರು ಪಟ್ಟಿ. ಮ್ಯಾಟಿಯನ್ನೂ ಮೊದಲೇ ಒಗೆಯಬೇಕು, ಮರೆಯಬೇಡಿ. ಒಂದು ಕುಗ್ಗಿ ಒಂದು ಕುಗ್ಗದೆ ಇದ್ದರೆ ಜೋಡಿಸಿದ ಜಾಗ ಹಪ್ಪಳದ ಹಾಗೆ ನಿರಿಗೆ ಬೀಳುತ್ತದೆ. 14 ನಂಬರ್ ಸೂಜಿ ಹಾಕಿ. ಮೂಲೆಯಲ್ಲಿ ಮಡಿಕೆ ಮೇಲೆ ಮಡಿಕೆ ಬರುತ್ತದೆ, ಅಲ್ಲಿ ಪೆಡಲ್ ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿ.

ಒಂಟಾರಿಯೋ ಕನ್ನಡತಿ
ಇಲ್ಲಿ ಅಂಗಡಿಗಳಲ್ಲಿ 'ಹಿಟ್ಟಿನ ಚೀಲದ ಟವೆಲ್' ಅಂತಲೇ ಮಾರುತ್ತಾರೆ. ದೊಡ್ಡದು, ತೆಳ್ಳಗೆ, ಬಿಳಿ ಹತ್ತಿ. 1930ರ ದಶಕದ ಕಷ್ಟದ ಕಾಲದಲ್ಲಿ ಅಮೆರಿಕದ ಹೆಂಗಸರು ಹಿಟ್ಟು, ಕೋಳಿ ಆಹಾರ ಬರುತ್ತಿದ್ದ ಹತ್ತಿ ಚೀಲ ಬಿಚ್ಚಿ ಟವೆಲ್, ಮಕ್ಕಳ ಬಟ್ಟೆ ಹೊಲಿಯುತ್ತಿದ್ದರು. ಆಮೇಲೆ ಗಿರಣಿಯವರೇ ಹೂವಿನ ಅಚ್ಚು ಇರುವ ಚೀಲ ತಂದರಂತೆ. ಟವೆಲ್ ಮೇಲೆ ವಾರದ ಏಳು ದಿನಕ್ಕೆ ಏಳು ಚಿತ್ರ ಕಸೂತಿ ಹಾಕುವ ರೂಢಿಯೂ ಇದೆ. ಸೋಮವಾರ ಬಟ್ಟೆ ಒಗೆಯುವುದು, ಮಂಗಳವಾರ ಇಸ್ತ್ರಿ, ಹೀಗೆ.

ನನಗೆ ಇದನ್ನು ಮೊದಲ ಸಲ ನೋಡಿದಾಗ ಅಮ್ಮನ ಮೈದಾ ಚೀಲ ನೆನಪಾಯಿತು. ತುಮಕೂರಿನ ನಮ್ಮ ಮನೆಯಲ್ಲಿ ಬೇಕರಿಯಿಂದ ಖಾಲಿ ಮೈದಾ ಚೀಲ ತರುತ್ತಿದ್ದರು. ಹೊಲಿಗೆಯ ಒಂದು ದಾರ ಸರಿಯಾಗಿ ಹಿಡಿದು ಎಳೆದರೆ ಸರ್ ಅಂತ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಆ ದಾರ ಎಳೆಯಲು ನಾನು, ಅಣ್ಣ ಜಗಳ ಆಡುತ್ತಿದ್ದೆವು. ಎಷ್ಟು ಒಗೆದರೂ ಮಿಲ್ಲಿನ ಹೆಸರಿನ ನೀಲಿ ಅಕ್ಷರ ಮಸುಕಾಗಿ ಉಳಿಯುತ್ತಿತ್ತು. ಆದರೆ ನೀರು ಹೀರುವುದರಲ್ಲಿ ಅಂಥ ಬಟ್ಟೆ ಮತ್ತೊಂದಿಲ್ಲ. ಮಲ್ಲಿಗೆಯವರೇ, ಒಗೆದು ಒಗೆದು ಮೆತ್ತಗಾದ ಹತ್ತಿಯೇ ಒಳ್ಳೆಯ ಟವೆಲ್. ಕೊಡುವ ಮೊದಲು ಎರಡು ಮೂರು ಸಲ ಒಗೆದೇ ಕೊಡಿ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಪರಿಮಳದ ದ್ರವ ಮಾತ್ರ ಬೇಡ, ಅದು ಎಳೆ ಮೇಲೆ ಜಿಡ್ಡು ಕೂರಿಸಿ ನೀರು ಹೀರದ ಹಾಗೆ ಮಾಡುತ್ತದೆ.

ಕುಡ್ಲದ ಕಡಲು
ಒಗೆದ ಬಟ್ಟೆಯನ್ನು ಶುಭ ಕಾರ್ಯಕ್ಕೆ ಕೊಡುವುದೇ? ನಮ್ಮ ಅತ್ತೆ ಒಪ್ಪುವುದಿಲ್ಲ ಮಾರಾಯ್ರೆ. ಗೃಹಪ್ರವೇಶಕ್ಕೆ ಹೊಸ ಬಟ್ಟೆಯೇ ಆಗಬೇಕು.

ಶಿರಸಿ ಮೊಮ್ಮಗಳು
ಇದಕ್ಕೆ ನಮ್ಮ ಅಜ್ಜಿಯ ಉತ್ತರ ಹೇಳುತ್ತೇನೆ. ಈಗಷ್ಟೇ ಓದಿ ಹೇಳಿದೆ, ಅವರು ಅಡಿಕೆ ಹೋಳು ಮಾಡುತ್ತಾ ಕೇಳಿದರು.

"ಹೊಲಿಯುವ ಮುಂಚೆ ನೆನೆಸಿದ್ದು ಒಗೆದ ಹಾಗಲ್ಲ. ಅದು ಬಟ್ಟೆ ತಯಾರು ಮಾಡಿದ ಹಾಗೆ. ಯಾರೂ ಬಳಸಿಲ್ಲ ಅಂದಮೇಲೆ ಹೊಸದೇ. ಕೊಡುವಾಗ ಒಂದು ಮೂಲೆಗೆ ಅರಿಶಿನ ಹಚ್ಚಿ ಕೊಡಲಿ."

ನಮ್ಮಲ್ಲಿ ಹೊಸ ಬಟ್ಟೆ ಉಡುವ ಮೊದಲು ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದು ಎಲ್ಲರಿಗೂ ಗೊತ್ತು. ನನಗೆ ಅಜ್ಜಿಯ ಮಾತಿನಲ್ಲಿ ಇನ್ನೊಂದು ಕಂಡಿತು. ಎಲ್ಲರಿಗೂ ಭಯ ಇರುವುದು ಮೊದಲ ಕಲೆಗೆ ಅಲ್ವಾ? ಬಿಳಿ ಬಟ್ಟೆ, ಅದರ ಮೇಲೆ ಅಕ್ಕ ಹಾಕಿದ ಕಸೂತಿ, ಸಾರಿನ ಕೈ ಹೇಗೆ ಒರೆಸುವುದು ಅಂತ. ಆ ಮೊದಲ ಅರಿಶಿನದ ಕಲೆಯನ್ನು ಕೊಡುವವರೇ ಹಚ್ಚಿ ಕೊಟ್ಟರೆ ಆ ಭಯ ಅಲ್ಲೇ ಮುಗಿಯಿತು.

ಅರಿಶಿನದ ಕಲೆ ಬಗ್ಗೆ ಅಜ್ಜಿಯ ಇನ್ನೊಂದು ಮಾತು. ಸೋಪು ತಾಗಿದ ಕೂಡಲೇ ಅದು ಕೆಂಪಾಗುತ್ತದೆ, ಹೆದರಬೇಡಿ. ಒಗೆದು ಒದ್ದೆ ಇದ್ದಾಗಲೇ ಬಿಸಿಲಿಗೆ ಹರಡಿ. ಎರಡು ಮೂರು ಬಿಸಿಲಿಗೆ ಕಲೆ ಮಾಯ ಆಗುತ್ತದೆ. ಎಣ್ಣೆಯ ಕಲೆ ಹಾಗೆ ಹೋಗುವುದಿಲ್ಲ, ಅರಿಶಿನ ಹೋಗುತ್ತದೆ.

ನಮ್ಮ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದ್ದೀರಾ? ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಒಳಗೆ ಹೋಗುತ್ತಾರೆ, ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಡುತ್ತಾರೆ. ಟವೆಲ್ ಜೊತೆಗೆ ಆ ತರ ಒಂದು ಹಿಡಿಬಟ್ಟೆ ಮಾಡಿ ಕೊಡಿ. ಹಳೆ ಹತ್ತಿ ಸೀರೆಯ ಆರೇಳು ಪದರ, ಒತ್ತೊತ್ತಾಗಿ ಕೈಹೊಲಿಗೆ. ಬಿಸಿ ಪಾತ್ರೆಗೆ ಟವೆಲ್ ಬಳಸಿ ಮಸಿ ಮಾಡುವುದು ತಪ್ಪುತ್ತದೆ.

ಕುಡ್ಲದ ಕಡಲು
ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಅತ್ತೆಗೆ ಓದಿ ಹೇಳಿದೆ. "ಹೌದು, ಅರಿಶಿನ ಹಚ್ಚಿದರೆ ಆಯಿತು" ಅಂದರು.

ಮೈಸೂರು ಮಲ್ಲಿಗೆ
(ಎಂಟು ದಿನದ ನಂತರ)
ಖಾದಿ ಭಂಡಾರದಿಂದ ಎರಡೂಕಾಲು ಮೀಟರ್ ತಂದೆ. ನೆನೆಹಾಕಿದ ನೀರು ಬೆಳಿಗ್ಗೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು, ಅಷ್ಟು ಗಂಜಿ. ಒಗೆದ ಮೇಲೆ ಹನಿ ಬಿಟ್ಟರೆ ತಕ್ಷಣ ಒಳಗೆ ಹೋಗುತ್ತದೆ. ಮ್ಯಾಟಿ ಮೇಲೆ ತುಳಸಿ ಕಟ್ಟೆಯ ಸಾಲು ಶುರುಮಾಡಿದೆ. ಆರೆಳೆ ದಾರದಲ್ಲಿ ಎರಡೆಳೆ ಬಿಡಿಸಿಕೊಂಡಿದ್ದೇನೆ. ಹೋಗುವಾಗ ಬರೀ ಚುಕ್ಕಿ ಚುಕ್ಕಿ ಕಾಣುತ್ತದೆ, ಏನೂ ಅರ್ಥ ಆಗುವುದಿಲ್ಲ. ತಿರುಗಿ ಬರುವಾಗ ಒಂದೊಂದೇ ಗೆರೆ ಕೂಡಿ ಕಟ್ಟೆ ಎದ್ದು ನಿಲ್ಲುತ್ತದೆ. ಮಗ ಪಕ್ಕದಲ್ಲಿ ಕೂತು ನೋಡುತ್ತಾನೆ.

ಆದರೆ ಒಂದು ಅನಾಹುತ ಆಯಿತು. ಮೊದಲ ಪಟ್ಟಿಗೆ ಹತ್ತಿರದ ಅಂಗಡಿಯ ಬಿಡಿ ಕೆಂಪು ದಾರ ಹಾಕಿದ್ದೆ. ಮುಗಿಸಿ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದೆ. ಸುತ್ತಲೂ ಗುಲಾಬಿ ಬಣ್ಣ ಬಿಟ್ಟಿತು. ಮೂರು ಸಂಜೆಯ ಕೆಲಸ. ಅಳು ಬಂತು. ಏನು ಮಾಡಲಿ?

ಧಾರವಾಡದ ಸೂಜಿ
ಒಣಗಲು ಬಿಡಬೇಡಿ! ಇಸ್ತ್ರಿಯಂತೂ ಮಾಡಲೇಬೇಡಿ, ಬಣ್ಣ ಕಚ್ಚಿಕೊಂಡುಬಿಡುತ್ತದೆ. ಈಗಲೇ ದೊಡ್ಡ ಬಕೆಟ್ ತಣ್ಣೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ಮುಳುಗಿಸಿಡಿ. ನೀರು ಗುಲಾಬಿ ಆದಾಗಲೆಲ್ಲ ಬದಲಿಸಿ. ನೀರು ತಿಳಿಯಾಗುವ ತನಕ ಹೊರಗೆ ತೆಗೆಯಬೇಡಿ, ರಾತ್ರಿಯೆಲ್ಲ ಇದ್ದರೂ ಸರಿ.

ಮುಂದಿನದಕ್ಕೆ ದಾರವನ್ನು ಮೊದಲೇ ಪರೀಕ್ಷೆ ಮಾಡಿ. ಒಂದು ಗೇಣು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಂಡಿ. ಬಣ್ಣ ಬಂದರೆ ಅದು ಟವೆಲ್‌ಗೆ ಆಗುವುದಿಲ್ಲ. ಆಂಕರ್ ದಾರ ನಾನು ವರ್ಷಗಟ್ಟಲೆ ಬಳಸಿದ್ದೇನೆ, ಬಣ್ಣ ಬಿಟ್ಟಿಲ್ಲ. ಆದರೂ ಕಡುಗೆಂಪು, ಕಪ್ಪು ಇದ್ದರೆ ಪರೀಕ್ಷೆ ಮಾಡದೆ ಹಾಕುವುದಿಲ್ಲ.

ಮೈಸೂರು ಮಲ್ಲಿಗೆ
ಆರು ಸಲ ನೀರು ಬದಲಿಸಿದೆ. ಮುಕ್ಕಾಲು ಪಾಲು ಹೋಯಿತು. ಬೆಳಕಿಗೆ ಹಿಡಿದರೆ ಇನ್ನೂ ತೆಳ್ಳಗೆ ಕಾಣುತ್ತದೆ. ಅದು ನನ್ನ ಅಡುಗೆಮನೆಗೆ ಇರಲಿ. ತಂಗಿಗೆ ಆಂಕರ್ ಕಡುನೀಲಿ ತಂದು ಹೊಸದಾಗಿ ಶುರು.

ಹೊಸ ಮೆಷಿನ್
ನಾನೂ ಜೊತೆಗೇ ಒಂದು ಮಾಡಿದೆ. ಕಸೂತಿ ಬರುವುದಿಲ್ಲ, ಅಮ್ಮನ ಹಳೆ ಉಡುಪಿ ಸೀರೆಯ ಅಂಚು ಕತ್ತರಿಸಿ ತುದಿಗೆ ಜೋಡಿಸಿದೆ. ಒಡಲು ಎಲ್ಲಾ ಹರಿದಿತ್ತು, ಅಂಚು ಮಾತ್ರ ಗಟ್ಟಿ ಇತ್ತು. ಅದೂ ಹತ್ತಿಯೇ, ಆದ್ದರಿಂದ ಪಾತ್ರೆ ಒರೆಸಿದರೆ ಅಂಚೂ ನೀರು ಎಳೆಯುತ್ತದೆ. ಗುಳೇದಗುಡ್ಡದ ಖಣ ಹಾಕಬಹುದಾ?

ಧಾರವಾಡದ ಸೂಜಿ
ಖಣವನ್ನು ಟವೆಲ್‌ಗೆ ಹಾಕಬೇಡಿ ಪುಟ್ಟಾ. ರೇಷ್ಮೆ ಬೆರೆತಿರುತ್ತದೆ, ದಿನಾ ಸೋಪು ನೀರಿಗೆ ಅದರ ಹೊಳಪು ಹೋಗುತ್ತದೆ. ಟವೆಲ್ ಕಟ್ಟು ಕಟ್ಟಲು ಎರಡು ಇಂಚಿನ ಖಣದ ಪಟ್ಟಿ ಮಾಡಿ. ಆಮೇಲೆ ಅವರು ಅದನ್ನು ದೇವರ ಮನೆಗೋ, ಪುಸ್ತಕಕ್ಕೋ ಬಳಸುತ್ತಾರೆ.

ಮೈಸೂರು ಮಲ್ಲಿಗೆ
(ಗೃಹಪ್ರವೇಶ ಕಳೆದು ಹತ್ತು ದಿನಕ್ಕೆ)
ನಾಲ್ಕೇ ಟವೆಲ್ ಮುಗಿಯಿತು. ಆರು ಆಗಲಿಲ್ಲ, ಒಂದು ಪಟ್ಟಿಗೆ ಮೂರು ನಾಲ್ಕು ಸಂಜೆ ಬೇಕಾಯಿತು. ಉಳಿದ ಎರಡಕ್ಕೆ ಅಂಚಿಗೆ ಬರೀ ಒಂದು ಸಾಲು ನೀಲಿ ಗವಂತಿ ಹಾಕಿದೆ. ನಿಜ ಹೇಳಬೇಕೆಂದರೆ ಆ ಎರಡೇ ಎಲ್ಲರಿಗೂ ಹೆಚ್ಚು ಇಷ್ಟ ಆದವು. ಖಣದ ಪಟ್ಟಿ ಕಟ್ಟಿ, ತಟ್ಟೆಯಲ್ಲಿ ಇಟ್ಟು, ತಂಗಿಯ ಎದುರಿಗೇ ಆರಕ್ಕೂ ಮೂಲೆಗೆ ಅರಿಶಿನ ಹಚ್ಚಿದೆ. "ಅಯ್ಯೋ ಅಕ್ಕಾ, ಬಿಳಿ ಬಟ್ಟೆ" ಅಂದಳು. ಅಜ್ಜಿಯ ಮಾತು ಹೇಳಿದೆ. ಅವಳ ಅತ್ತೆ ಟವೆಲ್ ತಿರುಗಿಸಿ ನೋಡಿ, ಮತ್ತೆ ತಿರುಗಿಸಿ, "ಇದರಲ್ಲಿ ಒಳಗಡೆ ಯಾವುದು?" ಅಂತ ಕೇಳಿದರು. ಧಾರವಾಡದ ಅಕ್ಕಾ, ಆಗ ನೀವು ಅಲ್ಲಿ ಇರಬೇಕಿತ್ತು.

ನಿನ್ನೆ ತಂಗಿ ಫೋನ್ ಮಾಡಿದ್ದಳು. ನಾನು ಹಾಕಿದ ಕುಣಿಕೆ ಅವರ ಸಿಂಕ್ ಪಕ್ಕದ ಸ್ಟೀಲ್ ಹುಕ್ಕಿಗೆ ಹೋಗುವುದಿಲ್ಲವಂತೆ, ಚಿಕ್ಕದಾಯಿತಂತೆ. ಮೂಲೆ ಹಿಡಿದು ಸಿಕ್ಕಿಸುತ್ತಾಳೆ, ಜಾರಿ ಜಾರಿ ಬೀಳುತ್ತದೆ. ಫೋಟೋ ಕಳಿಸಿದಳು. ಎರಡು ಟವೆಲ್ ಸುಕ್ಕಾಗಿ ಸಿಂಕ್ ಹತ್ತಿರ ಇದ್ದವು. ಒಂದರ ನಡುವಿನಲ್ಲಿ ಹುಳಿಯದ್ದೋ ಏನೋ, ದೊಡ್ಡ ಕಲೆ. ಫೋಟೋ ಎಷ್ಟು ಸಲ ನೋಡಿದೆನೋ. ಭಾನುವಾರ ಸೂಜಿ ದಾರ ತೆಗೆದುಕೊಂಡು ಹಾಸನಕ್ಕೆ ಹೊರಟಿದ್ದೇನೆ. ಕುಣಿಕೆ ಎಷ್ಟು ಉದ್ದ ಇರಬೇಕು ಅಣ್ಣಾ?

ದಾವಣಗೆರೆ ಟೈಲರ್
ಆರು ಇಂಚಿನ ಪಟ್ಟಿ ಕತ್ತರಿಸಿ, ಮಡಚಿದಾಗ ಮೂರು ಇಂಚಿನ ಒಳಗೆ ಬರುತ್ತದೆ. ಖಾದಿಯದೇ ಪಟ್ಟಿ ನಾಲ್ಕು ಮಡಿಕೆ ಮಾಡಿ ಎರಡೂ ಅಂಚು ಹೊಲಿಯಿರಿ. ಮೂಲೆಗೆ ಹಾಕಬೇಡಿ, ಮೇಲಿನ ಅಂಚಿನ ನಟ್ಟನಡುವೆ ಹಾಕಿ, ಆಗ ಕಸೂತಿ ಕೆಳಗೆ ನೇರವಾಗಿ ನಿಲ್ಲುತ್ತದೆ. ಕುಣಿಕೆಯ ಎರಡು ತುದಿಯನ್ನೂ ಮಡಿಕೆಯ ಒಳಗೆ ತೂರಿಸಿ, ಚೌಕ ಹೊಲಿದು, ಅದರೊಳಗೆ ಅಡ್ಡಡ್ಡ ಎರಡು ಗೆರೆ. ಎಷ್ಟು ಎಳೆದರೂ ಬಿಚ್ಚುವುದಿಲ್ಲ.

ಶಿರಸಿ ಮೊಮ್ಮಗಳು
ಹುಳಿಯ ಕಲೆ ಆದರೆ ಬಿಸಿಲಿಗೆ ಹಾಕಲು ಹೇಳಿ, ಒದ್ದೆ ಇದ್ದಾಗಲೇ. ಅಜ್ಜಿ ಕೇಳುತ್ತಿದ್ದಾರೆ, ಹಿಡಿಬಟ್ಟೆ ಮಾಡಿದಿರಾ ಅಂತ.

ಮೈಸೂರು ಮಲ್ಲಿಗೆ
ಇಲ್ಲ, ಸಮಯ ಸಿಗಲಿಲ್ಲ. ಅಮ್ಮನ ಹಳೆ ಹತ್ತಿ ಸೀರೆ ಎರಡು ತೆಗೆದಿಟ್ಟಿದ್ದೇನೆ. ಭಾನುವಾರ ಹೋಗುವಾಗ ಬಸ್ಸಿನಲ್ಲೇ ಶುರುಮಾಡುತ್ತೇನೆ ಅಂತ ಅಜ್ಜಿಗೆ ಹೇಳಿ.